ಬ್ರೂಕ್‌ಸೈಡ್ ಯಾಕೆ ನಿಂತಿತು?

2003ರ ನವೆಂಬರ್ 4ರ ರಾತ್ರಿ ಬ್ರಿಟನ್ನಿನ ಚಾನೆಲ್ 4ರಲ್ಲಿ 'ಬ್ರೂಕ್‌ಸೈಡ್' ಸೀರಿಯಲ್‌ನ ಕೊನೆಯ ಎಪಿಸೋಡ್ ಬಂತು. 1982ರ ನವೆಂಬರ್ 2ರಂದು, ಆ ಚಾನೆಲ್ ಹುಟ್ಟಿದ ದಿನವೇ ಶುರುವಾಗಿದ್ದ ಸೀರಿಯಲ್ ಅದು. ಒಟ್ಟು 21 ವರ್ಷ, 2,900ಕ್ಕೂ ಹೆಚ್ಚು ಎಪಿಸೋಡ್. ಒಂದು ಕಾಲಕ್ಕೆ 90 ಲಕ್ಷ ಜನ ನೋಡಿದ ಕಥೆ. ಕೊನೆಗೆ ಊರೆಲ್ಲ ಮಲಗುವ ಹೊತ್ತಿನಲ್ಲಿ ಬಂದು ಮುಗಿಯಿತು.

ನೋಡುವವರು ಕಡಿಮೆಯಾದರು, ಅದಕ್ಕೆ ನಿಲ್ಲಿಸಿದರು ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಸುಳ್ಳಲ್ಲ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನೋಡುವವರು ಯಾಕೆ ಕಡಿಮೆಯಾದರು? ಅದೇ ಕಾಲದಲ್ಲಿ ಇನ್ನೂ ಹಳೆಯ ಸೀರಿಯಲ್‌ಗಳು ಗಟ್ಟಿಯಾಗಿ ನಿಂತಿದ್ದವಲ್ಲ, ಇದೊಂದೇ ಯಾಕೆ ಬಿತ್ತು? ಇದಕ್ಕೆ ಉತ್ತರ ಹುಡುಕಲು ಕಥೆಯನ್ನೂ ನೋಡಬೇಕು, ದುಡ್ಡಿನ ಲೆಕ್ಕವನ್ನೂ ನೋಡಬೇಕು, ಅದನ್ನು ಚಿತ್ರೀಕರಿಸಿದ ಮನೆಗಳು ಯಾರ ಹೆಸರಿನಲ್ಲಿದ್ದವು ಎಂಬುದನ್ನೂ ನೋಡಬೇಕು.

ಇಂಥ ಸೀರಿಯಲ್‌ಗೆ ಅಲ್ಲಿ ಸೋಪ್ ಎನ್ನುತ್ತಾರೆ. ಮೊದಲು ಬ್ರಿಟಿಷ್ ಸೋಪ್ ಎಂದರೆ ಏನು ಅಂತ ಸ್ವಲ್ಪ ತಿಳಿಯಬೇಕು. ನಮ್ಮ ಸೀರಿಯಲ್‌ಗಳಲ್ಲಿ ಸಾಮಾನ್ಯವಾಗಿ ಒಬ್ಬ ನಾಯಕಿ ಇರುತ್ತಾಳೆ, ಒಂದು ಮದುವೆ ಇರುತ್ತದೆ, ಒಂದು ಜಗಳ ಇರುತ್ತದೆ. ಎಷ್ಟೇ ಎಳೆದರೂ ಅದಕ್ಕೊಂದು ಕೊನೆ ಉಂಟು. ಅಲ್ಲಿನ ಸೋಪ್‌ಗೆ ಕೊನೆಯೇ ಇಲ್ಲ. ಅಲ್ಲಿ ನಾಯಕ ಒಂದು ಬೀದಿ, ಅಥವಾ ಒಂದು ಹಳ್ಳಿ. ಜನ ಬರುತ್ತಾರೆ, ಸಾಯುತ್ತಾರೆ, ಮನೆ ಖಾಲಿ ಮಾಡುತ್ತಾರೆ. ಬೀದಿ ಉಳಿಯುತ್ತದೆ. 'ಕೊರೊನೇಷನ್ ಸ್ಟ್ರೀಟ್' 1960ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದರ ಮೊದಲ ಎಪಿಸೋಡ್‌ನಲ್ಲಿ ಕಾಲೇಜು ಹುಡುಗನಾಗಿ ಬಂದ ಕೆನ್ ಬಾರ್ಲೋ ಪಾತ್ರವನ್ನು ವಿಲಿಯಂ ರೋಚ್ ತಮ್ಮ ತೊಂಬತ್ತರ ವಯಸ್ಸಿನಲ್ಲೂ ಮಾಡುತ್ತಿದ್ದರು. ಹಾಗಾಗಿ ಅಲ್ಲಿ ಸೋಪ್ ನಿಲ್ಲುವುದೆಂದರೆ ಕಥೆ ಮುಗಿಯಿತು ಎಂದಲ್ಲ. ಕಥೆ ಮುಗಿಯಲು ಬರೆದದ್ದೇ ಅಲ್ಲ. ಹೊರಗಿನಿಂದ ಯಾರೋ ನಿಲ್ಲಿಸಬೇಕು.

ಈಗ ಬ್ರೂಕ್‌ಸೈಡ್‌ಗೆ ಬರೋಣ. ಅದನ್ನು ಕಟ್ಟಿದವರು ಫಿಲ್ ರೆಡ್‌ಮಂಡ್. ಶಾಲೆಯ ಮಕ್ಕಳ ಬಗ್ಗೆ ಬಿಬಿಸಿಗೆ 'ಗ್ರೇಂಜ್ ಹಿಲ್' ಮಾಡಿ ಆಗಲೇ ಹೆಸರು ಮಾಡಿದ್ದರು. ಚಾನೆಲ್ 4 ಶುರುವಾಗುತ್ತಿದೆ ಎಂದಾಗ ಅದರ ಮೊದಲ ಮುಖ್ಯಸ್ಥ ಜೆರೆಮಿ ಐಸಾಕ್ಸ್ ಅವರನ್ನು ಈ ಸೀರಿಯಲ್‌ಗೆ ಒಪ್ಪಿಸಿದರು. ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿದರು. ಸ್ಟುಡಿಯೋದಲ್ಲಿ ಸೆಟ್ ಹಾಕಲಿಲ್ಲ. ಲಿವರ್‌ಪೂಲ್‌ನ ವೆಸ್ಟ್ ಡರ್ಬಿ ಕಡೆ ಹೊಸದಾಗಿ ಎದ್ದಿದ್ದ ಬಡಾವಣೆಯಲ್ಲಿ 13 ನಿಜವಾದ ಮನೆಗಳನ್ನು ಅವರ ಮರ್ಸಿ ಟೆಲಿವಿಷನ್ ಕಂಪನಿ ಕೊಂಡುಕೊಂಡಿತು. ಮುಂದೆ ದಾರಿ ಇಲ್ಲದ ಒಂದು ಪುಟ್ಟ ಡೆಡ್ ಎಂಡ್ ರಸ್ತೆ. ಅಲ್ಲಿನ ಆರು ಮನೆಗಳು ಕಥೆಯ ಪಾತ್ರಗಳಿಗೆ. ಉಳಿದವು ಆಫೀಸು, ಮೇಕಪ್, ಎಡಿಟಿಂಗ್, ಊಟ ಇತ್ಯಾದಿಗೆ. ಅದೇ ಬಡಾವಣೆಯ ಅಕ್ಕಪಕ್ಕದ ರಸ್ತೆಗಳಲ್ಲಿ ಮಾಮೂಲಿ ಸಂಸಾರಗಳು ಇದ್ದವು.

ಇದು ಬರೀ ಹುಚ್ಚು ಆಸೆಯಲ್ಲ. ಲೆಕ್ಕವೂ ಇತ್ತು. ಸ್ಟುಡಿಯೋಗೆ ವಾರವಾರ ಬಾಡಿಗೆ ಕಟ್ಟಬೇಕು, ಸೆಟ್ ಬಿಚ್ಚಬೇಕು, ಮತ್ತೆ ಹಾಕಬೇಕು. ಮನೆ ಕೊಂಡರೆ ಒಮ್ಮೆ ದುಡ್ಡು ಹಾಕಿದರೆ ಆಯಿತು. ಅಡುಗೆಮನೆ ಬೆಳಿಗ್ಗೆಯೂ ಅಡುಗೆಮನೆಯೇ, ರಾತ್ರಿಯೂ ಅಡುಗೆಮನೆಯೇ. ಮಳೆ ಬಂದರೆ ನಿಜವಾದ ಮಳೆ. ಪರದೆಯ ಮೇಲೆ ಅದು ಕಾಣುತ್ತಿತ್ತು. ಮೆಟ್ಟಿಲು ಹತ್ತಿದ ಪಾತ್ರ ನಿಜವಾಗಿ ಮೇಲಿನ ಕೋಣೆಗೆ ಹೋಗುತ್ತಿತ್ತು. ಕಿಟಕಿಯಲ್ಲಿ ನೋಡಿದರೆ ಎದುರು ಮನೆ ನಿಜವಾಗಿ ಇತ್ತು. ಆಗಿನ ಇತರ ಸೋಪ್‌ಗಳಲ್ಲಿ ಬಾಗಿಲು ಹಾಕಿದರೆ ಗೋಡೆಯೇ ಅಲ್ಲಾಡುತ್ತದೆ ಎಂಬ ಮಾತಿತ್ತು. ಇಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ.

ಆ ಮನೆಗಳ ಒಳಗೆ ಇಟ್ಟ ಬದುಕೂ ಅಷ್ಟೇ ಗಟ್ಟಿ. ಮಾರ್ಗರೆಟ್ ಥ್ಯಾಚರ್ ಅವರ ಕಾಲ. ಲಿವರ್‌ಪೂಲ್‌ನ ಬಂದರು, ಕಾರ್ಖಾನೆ ಎಲ್ಲ ಸೊರಗುತ್ತಿದ್ದವು. ಮೊದಲು ಬಂದು ನೆಲೆಸುವ ಗ್ರಾಂಟ್ ಸಂಸಾರದ ಯಜಮಾನ ಬಾಬಿ ಕಾರ್ಮಿಕ ಸಂಘದ ಮನುಷ್ಯ. ಆ ಪಾತ್ರ ಮಾಡಿದ ರಿಕಿ ಟಾಮ್ಲಿನ್ಸನ್ ಮೊದಲು ಗಾರೆ ಕೆಲಸ ಮಾಡುತ್ತಿದ್ದವರು. 1970ರ ದಶಕದ ಕಟ್ಟಡ ಕಾರ್ಮಿಕರ ಮುಷ್ಕರದಲ್ಲಿ ಭಾಗವಹಿಸಿ ನಿಜವಾಗಿ ಜೈಲಿಗೆ ಹೋಗಿದ್ದವರು. ಆ ಶಿಕ್ಷೆಯನ್ನು ಕೋರ್ಟ್ ರದ್ದು ಮಾಡಿದ್ದು 2021ರಲ್ಲಿ. ಇಂಥ ಮನುಷ್ಯ ಪರದೆಯ ಮೇಲೆ ಮುಷ್ಕರದ ಮಾತಾಡಿದರೆ ಅದರ ತೂಕವೇ ಬೇರೆ, ಅಲ್ವಾ?

ಬಾಬಿಯ ಮಗ ಡೇಮನ್ ಸರ್ಕಾರದ ಯುವ ತರಬೇತಿ ಯೋಜನೆಗೆ ಸೇರುತ್ತಾನೆ. ಮೈಮುರಿದು ದುಡಿಯುತ್ತಾನೆ. ಕೊನೆಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಂಬಿರುತ್ತಾನೆ. ಸಿಗುವುದಿಲ್ಲ. ದೊಡ್ಡ ಅಪಘಾತ ಇಲ್ಲ, ಕೊಲೆ ಇಲ್ಲ. ಒಬ್ಬ ಹುಡುಗನ ನಂಬಿಕೆ ಹುಸಿಯಾಗುವುದೇ ಕಥೆ. ಬ್ರಿಟನ್ನಿನಲ್ಲಿ ಆಗ ಸಾವಿರಾರು ಮನೆಗಳಲ್ಲಿ ಇದೇ ನಡೆಯುತ್ತಿತ್ತು. 1986ರಲ್ಲಿ ಬಾಬಿಯ ಹೆಂಡತಿ ಶೀಲಾ ಮೇಲೆ ಅತ್ಯಾಚಾರವಾಗುವ ಕಥೆ ಬಂತು. ಸ್ಯೂ ಜಾನ್‌ಸ್ಟನ್ ಆ ಪಾತ್ರ ಮಾಡಿದ್ದರು. ಸೀರಿಯಲ್ ಆ ಘಟನೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಆ ಮನೆಯಲ್ಲಿ ಏನಾಗುತ್ತದೆ, ಗಂಡ ಹೆಂಡತಿ ಹೇಗೆ ದೂರವಾಗುತ್ತಾ ಹೋಗುತ್ತಾರೆ ಎಂಬುದನ್ನು ತಿಂಗಳುಗಟ್ಟಲೆ ತೋರಿಸಿತು. ನನ್ನ ಮಟ್ಟಿಗೆ ಬ್ರೂಕ್‌ಸೈಡ್‌ನ ನಿಜವಾದ ಶಕ್ತಿ ಇದ್ದದ್ದು ಇಲ್ಲಿ. ಸೋಪ್‌ಗೆ ಇರುವ ಒಂದೇ ದೊಡ್ಡ ಆಸ್ತಿ ಸಮಯ. ಸಿನಿಮಾಕ್ಕೆ ಎರಡು ಗಂಟೆ. ಸೋಪ್‌ಗೆ ಎರಡು ವರ್ಷ ಬೇಕಾದರೂ ಸಿಗುತ್ತದೆ.

ಆ ಸಮಯವನ್ನು ಅವರು ಅತ್ಯಂತ ಚೆನ್ನಾಗಿ ಬಳಸಿದ್ದು ಜೋರ್ಡಾಶ್ ಸಂಸಾರದ ಕಥೆಯಲ್ಲಿ. ಮ್ಯಾಂಡಿ ಎಂಬ ಹೆಂಗಸು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಇಬ್ಬರು ಹೆಣ್ಣುಮಕ್ಕಳ ಜೊತೆ 10ನೇ ನಂಬರ್ ಮನೆಗೆ ಬರುತ್ತಾಳೆ. ಗಂಡ ಟ್ರೆವರ್ ಹುಡುಕಿಕೊಂಡು ಬರುತ್ತಾನೆ. 1993ರಲ್ಲಿ ತಾಯಿಯೂ ದೊಡ್ಡ ಮಗಳು ಬೆತ್ ಕೂಡ ಸೇರಿ ಅವನನ್ನು ಕೊಂದು ಹಿತ್ತಿಲಿನಲ್ಲಿ ಹೂಳುತ್ತಾರೆ. ಮೇಲೆ ಕಲ್ಲು ಹಾಸುತ್ತಾರೆ. ಆಮೇಲೆ ಆ ಹಿತ್ತಿಲು ಅಲ್ಲೇ ಇರುತ್ತದೆ. ಅದು ಸೆಟ್ ಅಲ್ಲ, ಬಿಚ್ಚಿ ಒಳಗಿಡಲು ಆಗುವುದಿಲ್ಲ. ಪಾತ್ರಗಳು ಆ ಕಲ್ಲಿನ ಮೇಲೆ ಓಡಾಡುತ್ತವೆ. ನೋಡುವವರಿಗೆ ಕೆಳಗೆ ಏನಿದೆ ಎಂದು ಗೊತ್ತು. 1995ರ ಜನವರಿಯಲ್ಲಿ ಹೆಣ ಸಿಗುವವರೆಗೂ ಈ ಗುಟ್ಟು ಹಾಗೇ ಕಾಯಿತು. 90 ಲಕ್ಷ ಜನ ನೋಡಿದ್ದು ಆಗಲೇ.

ಆ ಕಥೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪಂಜಾಬಿನಿಂದ ಮದುವೆಯಾಗಿ ಬ್ರಿಟನ್ನಿಗೆ ಹೋಗಿದ್ದ ಕಿರಣ್‌ಜಿತ್ ಅಹ್ಲುವಾಲಿಯಾ ವರ್ಷಗಟ್ಟಲೆ ಗಂಡನ ಹಿಂಸೆ ಸಹಿಸಿ 1989ರಲ್ಲಿ ಅವನಿಗೆ ಬೆಂಕಿ ಹಚ್ಚಿದ್ದರು. ಜೀವಾವಧಿ ಶಿಕ್ಷೆಯಾಗಿತ್ತು. ಮಹಿಳಾ ಸಂಘಟನೆಗಳು ಹೋರಾಡಿದವು. 1992ರಲ್ಲಿ ಮೇಲ್ಮನವಿ ಕೋರ್ಟ್ ಆ ಕೊಲೆ ಶಿಕ್ಷೆಯನ್ನು ರದ್ದು ಮಾಡಿತು. ಹಿಂಸೆ ತಾಳದೆ ಕೊಂದವಳನ್ನು ಕಾನೂನು ಹೇಗೆ ನೋಡಬೇಕು ಎಂಬ ಚರ್ಚೆ ದೇಶದಲ್ಲಿ ಆಗಲೇ ನಡೆಯುತ್ತಿತ್ತು. ಸೀರಿಯಲ್ ಅದೇ ಪ್ರಶ್ನೆಯನ್ನು ಮನೆಮನೆಯ ಊಟದ ಮೇಜಿಗೆ ತಂದಿತು.

ಅದೇ ಬೆತ್ ಪಾತ್ರಕ್ಕೆ 1994ರ ಜನವರಿಯಲ್ಲಿ ಇನ್ನೊಂದು ದೃಶ್ಯ ಬಂತು. ಬೆತ್ ತನ್ನ ಗೆಳತಿ ಮಾರ್ಗರೆಟ್‌ಗೆ ಮುತ್ತು ಕೊಡುತ್ತಾಳೆ. ಮಕ್ಕಳೂ ಟಿವಿ ನೋಡುವ ಹೊತ್ತಿನಲ್ಲಿ ಬ್ರಿಟನ್ ಅಂಥದ್ದನ್ನು ಮೊದಲ ಸಲ ಕಂಡಿತು. ಆಗ ಗಲಾಟೆ ಆಯಿತು. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅದೇ ತುಣುಕನ್ನು ಜಗತ್ತಿಗೆಲ್ಲ ತೋರಿಸಿದರು. ಆ ಸಮಾರಂಭವನ್ನು ಬರೆದ ಫ್ರಾಂಕ್ ಕಾಟ್ರೆಲ್ ಬಾಯ್ಸ್ ಒಂದು ಕಾಲದಲ್ಲಿ ಬ್ರೂಕ್‌ಸೈಡ್‌ಗೆ ಬರೆಯುತ್ತಿದ್ದವರು.

ಇಷ್ಟು ಎತ್ತರಕ್ಕೆ ಹೋದದ್ದೇ ಮುಂದಿನ ಕಷ್ಟಕ್ಕೆ ಬೀಜವಾಯಿತು ಎಂಬುದು ನನ್ನ ಅನಿಸಿಕೆ. ಹಿತ್ತಿಲಿನ ಹೆಣ 90 ಲಕ್ಷ ಜನರನ್ನು ತಂದಿತು. ಹಾಗಾದರೆ ಮುಂದೆ ಏನು? ಇನ್ನೂ ದೊಡ್ಡದು ಬೇಕು. ಒಂದು ಧಾರ್ಮಿಕ ಪಂಥ ಬಂತು. 1995ರಲ್ಲಿ ಅದೇ ಆರು ಮನೆಗಳ ರಸ್ತೆಗೆ ಹೆಸರಿಲ್ಲದ ವೈರಸ್ ಬಂದು ಜನ ಸತ್ತರು. ಅಣ್ಣ ತಂಗಿಯ ನಡುವೆ ಸಂಬಂಧದ ಕಥೆ ಬಂತು. ಸ್ಫೋಟಗಳು ಬಂದವು, ಬಂದೂಕು ಬಂತು. ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿದರೆ ಒಪ್ಪಬಹುದು. ಆದರೆ ಎಲ್ಲವೂ ಒಂದೇ ಡೆಡ್ ಎಂಡ್ ರಸ್ತೆಯಲ್ಲಿ? ಇಟ್ಟಿಗೆ ಮನೆ ನಿಜ, ಮಳೆ ನಿಜ, ಒಳಗಿನ ಕಥೆ ಮಾತ್ರ ನಂಬುವ ಹಾಗಿಲ್ಲ. ಸೆಟ್ ಹಾಕಿದ ಸೋಪ್‌ನಲ್ಲಿ ಇದು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಬ್ರೂಕ್‌ಸೈಡ್‌ನಲ್ಲಿ ಹೊಡೆಯಿತು, ಯಾಕೆಂದರೆ ಅದು ನಿಜ ಎಂಬ ಮಾತು ಕೊಟ್ಟೇ ಶುರುವಾಗಿತ್ತು. ಕೆಲಸ ಸಿಗದ ಹುಡುಗನ ಕಥೆ ಹೇಳಲು ಇನ್ನು ಯಾರಿಗೂ ಪುರುಸೊತ್ತು ಇರಲಿಲ್ಲ.

ಆದರೂ ಕಥೆ ಕೆಟ್ಟಿತು ಎಂಬ ಕಾರಣಕ್ಕೆ ಸೋಪ್ ನಿಲ್ಲುವುದಿಲ್ಲ. ಕೆಟ್ಟ ವರ್ಷಗಳು ಎಲ್ಲ ಸೋಪ್‌ಗೂ ಇವೆ. ಈಸ್ಟ್‌ಎಂಡರ್ಸ್‌ಗೂ ಇತ್ತು, ಕೊರೊನೇಷನ್ ಸ್ಟ್ರೀಟ್‌ಗೂ ಇತ್ತು. ಅವು ಎದ್ದು ನಿಂತವು. ಇಲ್ಲಿ ದುಡ್ಡಿನ ಮಾತು ಬರುತ್ತದೆ.

ಸೋಪ್ ಅಗ್ಗ ಎನ್ನುತ್ತಾರಲ್ಲ, ಅದು ಅಗ್ಗವಾಗುವುದು ಜಾಸ್ತಿ ಮಾಡಿದಾಗ ಮಾತ್ರ. ಜಾಗ, ಕಾಯಂ ನಟರು, ಕ್ಯಾಮೆರಾದವರು, ಕಥೆ ಕೂಡಿಸುವವರು, ಬರೆಯುವವರು, ಎಡಿಟರ್‌ಗಳು ಎಲ್ಲರನ್ನೂ ವರ್ಷವಿಡೀ ಸಾಕಬೇಕು. ವಾರಕ್ಕೆ ಎರಡು ಎಪಿಸೋಡ್ ಮಾಡಿದರೂ ಈ ಖರ್ಚು ಇದೆ, ಮೂರು ಮಾಡಿದರೂ ಇದೆ. ಎಪಿಸೋಡ್ ಹೆಚ್ಚಿದಷ್ಟೂ ಒಂದೊಂದಕ್ಕೆ ಬೀಳುವ ಪಾಲು ಕಡಿಮೆ. ಅದಕ್ಕೇ ಸೋಪ್‌ಗಳು ಕಾಲ ಕಳೆದಂತೆ ವಾರದ ದಿನ ಹೆಚ್ಚಿಸುತ್ತಾ ಹೋದವು. ಬ್ರೂಕ್‌ಸೈಡ್ ಎರಡರಿಂದ 1990ರಲ್ಲಿ ಮೂರಕ್ಕೆ ಹೋಯಿತು. ಆದರೆ ಆದಾಯ ಇಳಿದರೆ ಈ ಯಂತ್ರವನ್ನು ಅರ್ಧ ನಿಲ್ಲಿಸಲು ಆಗುವುದಿಲ್ಲ. ಎಪಿಸೋಡ್ ಕಡಿಮೆ ಮಾಡಿದರೆ ಒಂದೊಂದರ ಖರ್ಚು ಏರುತ್ತದೆ. ಹಾಗಾಗಿ ಸೋಪ್ ಮೆಲ್ಲಗೆ ಸಣ್ಣದಾಗಿ ಮುಗಿಯುವುದು ಅಪರೂಪ. ಒಂದು ಹಂತದವರೆಗೆ ನಡೆಯುತ್ತದೆ, ಆಮೇಲೆ ಒಮ್ಮೆಲೇ ನಿಲ್ಲುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಈಸ್ಟ್‌ಎಂಡರ್ಸ್ ಬಿಬಿಸಿಯದ್ದೇ ಮನೆಕೂಸು. ಎಲ್‌ಸ್ಟ್ರೀಯಲ್ಲಿ ಬಿಬಿಸಿಯೇ ಕಟ್ಟಿದ ಚೌಕದಲ್ಲಿ ನಡೆಯುತ್ತದೆ. ಕೊರೊನೇಷನ್ ಸ್ಟ್ರೀಟ್ ಗ್ರಾನಡಾ ಕಂಪನಿಯದ್ದು, ಅಂದರೆ ಐಟಿವಿ ಎಂಬ ಖಾಸಗಿ ಚಾನೆಲ್‌ನದ್ದೇ. ಅವನ್ನು ನಿಲ್ಲಿಸಿದರೆ ತಮ್ಮದೇ ಬೀದಿ ಖಾಲಿ ಬೀಳುತ್ತದೆ, ತಮ್ಮದೇ ಜನ ಮನೆಗೆ ಹೋಗುತ್ತಾರೆ. ಚಾನೆಲ್ 4 ಹಾಗಲ್ಲ. ಅದು ಸರ್ಕಾರಿ ಒಡೆತನದ್ದು, ಆದರೆ ನಡೆಯುವುದು ಜಾಹೀರಾತಿನ ದುಡ್ಡಿನಲ್ಲಿ. ಆಗ ಅದು ತಾನೇ ಕಾರ್ಯಕ್ರಮ ಮಾಡುವ ಹಾಗಿರಲಿಲ್ಲ, ಹೊರಗಿನ ಕಂಪನಿಗಳಿಂದ ಮಾಡಿಸಿಕೊಳ್ಳಬೇಕಿತ್ತು. ಹುಟ್ಟಿದಾಗಿನಿಂದ 2024ರವರೆಗೂ ಅದರ ಕಟ್ಟಳೆಯೇ ಹಾಗಿತ್ತು. ಹಾಗಾಗಿ ಆ 13 ಮನೆಗಳು ಚಾನೆಲ್‌ನದ್ದಲ್ಲ, ಮರ್ಸಿ ಟೆಲಿವಿಷನ್‌ನದ್ದು. ಚಾನೆಲ್‌ಗೆ ಬ್ರೂಕ್‌ಸೈಡ್ ಎಂದರೆ ಒಂದು ಕರಾರು. ಅದನ್ನು ಮುಂದುವರಿಸದಿದ್ದರೆ ಮುಗಿಯಿತು.

ಮೊದಲ ಹತ್ತು ವರ್ಷ ಈ ವ್ಯತ್ಯಾಸ ಅಷ್ಟು ಕಾಡಲಿಲ್ಲ. ಆಗ ಚಾನೆಲ್ 4ರ ಜಾಹೀರಾತನ್ನು ಐಟಿವಿ ಕಂಪನಿಗಳೇ ಮಾರಿ ಇದಕ್ಕೆ ದುಡ್ಡು ಕೊಡುತ್ತಿದ್ದವು. 1993ರಿಂದ ಚಾನೆಲ್ ತನ್ನ ಜಾಹೀರಾತನ್ನು ತಾನೇ ಮಾರತೊಡಗಿತು. ಆಮೇಲೆ ಪ್ರತಿ ಗಂಟೆಗೂ ಲೆಕ್ಕ ಬಂತು. 2000ರಲ್ಲಿ 'ಬಿಗ್ ಬ್ರದರ್' ಬಂತು. ನಮ್ಮ ಕನ್ನಡದ ಬಿಗ್ ಬಾಸ್‌ಗೆ ಮೂಲ ಅದೇ ಆಟ. ನಟರು ಬೇಡ, ಬರಹಗಾರರು ಬೇಡ, ಒಂದೇ ಮನೆ ಸಾಕು. ಜಾಹೀರಾತಿನವರು ಹುಡುಕುವ ಹರೆಯದವರು ಮುಗಿಬಿದ್ದು ನೋಡಿದರು. ಅದೇ ಹೊತ್ತಿಗೆ ಐಟಿವಿಯ ಇನ್ನೊಂದು ಸೋಪ್ ಎಮರ್‌ಡೇಲ್ ವಾರಕ್ಕೆ ಐದು ದಿನವಾಯಿತು, ಈಸ್ಟ್‌ಎಂಡರ್ಸ್ 2001ರಲ್ಲಿ ನಾಲ್ಕು ದಿನವಾಯಿತು. ಸಂಜೆಯ ಹೊತ್ತು ಸೋಪ್‌ಗಳಿಂದಲೇ ತುಂಬಿಹೋಯಿತು. ಇದಕ್ಕಿಂತ ಬೇಜಾರಿನ ಮಾತೆಂದರೆ ರೆಡ್‌ಮಂಡ್ ಅವರದ್ದೇ ಇನ್ನೊಂದು ಸೋಪ್ 'ಹಾಲಿಯೋಕ್ಸ್' ಅದೇ ಚಾನೆಲ್‌ನಲ್ಲಿ 1995ರಿಂದ ಬರುತ್ತಿತ್ತು. ಅದರಲ್ಲಿ ಇದ್ದವರೆಲ್ಲ ಹರೆಯದವರು. 2003ರಲ್ಲಿ ಅದನ್ನು ವಾರಕ್ಕೆ ಐದು ದಿನಕ್ಕೆ ಏರಿಸಿದರು. ಅಣ್ಣನ ಜಾಗವನ್ನು ತಮ್ಮ ತೆಗೆದುಕೊಂಡ.

ಬ್ರೂಕ್‌ಸೈಡ್‌ಗೆ ಕೊನೆಯ ಪೆಟ್ಟು ಬಿದ್ದದ್ದು ಸಮಯ ಬದಲಿಸಿದಾಗ. 2002ರ ಕೊನೆಗೆ ವಾರದ ಸಂಜೆಗಳಿಂದ ಅದನ್ನು ತೆಗೆದು ಶನಿವಾರಕ್ಕೆ ಒಂದೇ ದೊಡ್ಡ ಎಪಿಸೋಡ್ ಮಾಡಿದರು. ಕೊನೆಕೊನೆಗೆ ಅಲ್ಲಿಂದಲೂ ತೆಗೆದು ಮಂಗಳವಾರ ರಾತ್ರಿ ತಡವಾಗಿ ಹಾಕಿದರು. ಸೋಪ್ ನೋಡುವವರು ಇವತ್ತು ಏನಿದೆ ಎಂದು ಪಟ್ಟಿ ನೋಡಿ ಕೂರುವುದಿಲ್ಲ. ಎಂಟು ಗಂಟೆ ಆಯಿತು, ಕೈ ತಾನಾಗಿ ರಿಮೋಟ್‌ಗೆ ಹೋಗುತ್ತದೆ. ಆ ರೂಢಿ ಮುರಿದರೆ ಮತ್ತೆ ಕಟ್ಟಲು ವರ್ಷಗಳು ಬೇಕು. ಜನ ಇಲ್ಲವೆಂದು ಸಮಯ ಬದಲಿಸಿದರು. ಸಮಯ ಬದಲಾಯಿತೆಂದು ಇದ್ದ ಜನವೂ ಹೋದರು. ಆಮೇಲೆ ಜನರೇ ಇಲ್ಲ ನೋಡಿ ಎಂದು 2003ರ ಜೂನ್‌ನಲ್ಲಿ ನಿಲ್ಲಿಸುವುದಾಗಿ ಹೇಳಿದರು. ಇದನ್ನು ನಾನು ಸಹಜ ಸಾವು ಎಂದು ಒಪ್ಪುವುದಿಲ್ಲ.

ಜೂನ್‌ನಿಂದ ನವೆಂಬರ್. ಐದು ತಿಂಗಳು. ಸೋಪ್‌ನ ಕಥೆಯನ್ನು ತಿಂಗಳುಗಳ ಮೊದಲೇ ಕೂತು ಹೆಣೆದಿರುತ್ತಾರೆ. ಒಂದು ಗುಂಪು ಕಥೆಯ ಎಳೆ ಹಾಕುತ್ತದೆ, ಬೇರೆ ಬೇರೆಯವರು ಒಂದೊಂದು ಎಪಿಸೋಡ್ ಬರೆಯುತ್ತಾರೆ, ಆಮೇಲೆ ಚಿತ್ರೀಕರಣ. ಹಾಗಾಗಿ 21 ವರ್ಷದ ಕಥೆಗೆ ಮುಗಿತಾಯ ಬರೆಯಲು ಸಿಕ್ಕಿದ್ದು ಬಹಳ ಕಡಿಮೆ ಹೊತ್ತು. ಕೊನೆಯ ಎಪಿಸೋಡನ್ನು ರೆಡ್‌ಮಂಡ್ ಅವರೇ ಬರೆದರು.

ಅದು ಹಿತವಾದ ವಿದಾಯವಲ್ಲ. ಜ್ಯಾಕ್ ಮೈಕೆಲ್ಸನ್ ಎಂಬ ಡ್ರಗ್ಸ್ ಮಾರುವವನು ಆ ರಸ್ತೆಯವರನ್ನು ಕಾಡುತ್ತಿರುತ್ತಾನೆ. ಕೊನೆಗೆ ಅಲ್ಲಿನ ಗಂಡಸರು ಮುಖ ಮುಚ್ಚಿಕೊಂಡು ಅವನನ್ನು ಕಿಟಕಿಯಿಂದ ನೇಣು ಹಾಕುತ್ತಾರೆ. ಪೊಲೀಸರಿಗೆ ಯಾರೂ ಬಾಯಿ ಬಿಡುವುದಿಲ್ಲ. ಜನ ಒಬ್ಬೊಬ್ಬರಾಗಿ ಮನೆ ಬಿಡುತ್ತಾರೆ. ಕೊನೆಗೆ ಉಳಿಯುವುದು ಜಿಮ್ಮಿ ಕಾರ್ಕ್‌ಹಿಲ್. ಕಳ್ಳತನ, ಡ್ರಗ್ಸ್ ಚಟ, ಸುಳ್ಳು ಸರ್ಟಿಫಿಕೇಟ್ ತೋರಿಸಿ ಮೇಷ್ಟ್ರಾಗಿದ್ದು, ಮನಸ್ಸಿನ ಕಾಯಿಲೆ ಎಲ್ಲವನ್ನೂ ದಾಟಿ ಬಂದ ಪಾತ್ರ. ಡೀನ್ ಸಲಿವನ್ 17 ವರ್ಷ ಅದನ್ನು ಮಾಡಿದ್ದರು. ಜಿಮ್ಮಿ ಮನಸ್ಸಿನಲ್ಲಿದ್ದ ಸಿಟ್ಟನ್ನೆಲ್ಲ ಕಾರಿಕೊಂಡು ಒಂದು ಉದ್ದದ ಮಾತಾಡುತ್ತಾನೆ. ಆಮೇಲೆ 'ಬ್ರೂಕ್‌ಸೈಡ್ ಕ್ಲೋಸ್' ಎಂಬ ರಸ್ತೆಯ ಫಲಕಕ್ಕೆ ಬಣ್ಣದಲ್ಲಿ 'd' ಎಂಬ ಒಂದು ಇಂಗ್ಲಿಷ್ ಅಕ್ಷರ ಸೇರಿಸುತ್ತಾನೆ. 'ಕ್ಲೋಸ್ಡ್', ರಸ್ತೆ ಮುಚ್ಚಿದೆ ಎಂದಾಗುತ್ತದೆ. ಸುಮಾರು 20 ಲಕ್ಷ ಜನ ಅಷ್ಟು ಹೊತ್ತಿನಲ್ಲೂ ಎದ್ದು ಕೂತು ನೋಡಿದರು.

ನೇಣಿನ ದೃಶ್ಯ ನನಗೆ ಇಷ್ಟವಾಗುವುದಿಲ್ಲ. ಡೇಮನ್‌ನ ಕಥೆ ಹೇಳಿದ ಸೀರಿಯಲ್‌ಗೆ ಆ ಗುಂಪು ನ್ಯಾಯ ಒಪ್ಪುವುದಿಲ್ಲ. ಆದರೆ ಅದನ್ನು ಬರೆದ ಸಿಟ್ಟು ಅರ್ಥವಾಗುತ್ತದೆ.

ಆಮೇಲೆ ಏನಾಯಿತು? ಮನೆಗಳನ್ನು ಮಾರಿದರು. ಕೆಲವು ವರ್ಷ ಖಾಲಿ ಬಿದ್ದಿದ್ದವು, ಆಮೇಲೆ ಸಂಸಾರಗಳು ಬಂದವು. ರೆಡ್‌ಮಂಡ್ 2005ರಲ್ಲಿ ಕಂಪನಿಯನ್ನೇ ಮಾರಿದರು, ಅದು ಈಗ ಲೈಮ್ ಪಿಕ್ಚರ್ಸ್. 2023ರಿಂದ ಸ್ಕಾಟ್‌ಲೆಂಡಿನ ಎಸ್‌ಟಿವಿ ಚಾನೆಲ್‌ನ ಆನ್‌ಲೈನ್ ಸೇವೆ ಎಸ್‌ಟಿವಿ ಪ್ಲೇಯರ್ ಹಳೆಯ ಎಪಿಸೋಡ್‌ಗಳನ್ನು ಮೊದಲಿನಿಂದ ಹಾಕತೊಡಗಿತು. 2025ರ ಅಕ್ಟೋಬರ್‌ನಲ್ಲಿ ಹಾಲಿಯೋಕ್ಸ್‌ಗೆ 30 ವರ್ಷ ತುಂಬಿದಾಗ ಬ್ರೂಕ್‌ಸೈಡ್‌ನ ಹಳೆಯ ಪಾತ್ರಗಳನ್ನು ಒಂದು ವಿಶೇಷ ಎಪಿಸೋಡ್‌ಗೆ ಕರೆತಂದರು.

ಆದರೆ ಸೋಪ್ ಜೊತೆ ಹೋಗುವ ಒಂದು ವಸ್ತು ಮರುಪ್ರಸಾರದಲ್ಲಿ ವಾಪಸ್ ಬರುವುದಿಲ್ಲ. ಅದು ಕಲಿಯುವ ಜಾಗ. ಮುಂದೆ ದೊಡ್ಡ ಬರಹಗಾರರಾದ ಜಿಮ್ಮಿ ಮೆಕ್‌ಗವರ್ನ್ ಟಿವಿಗೆ ಬರೆಯುವುದನ್ನು ಕಲಿತದ್ದು ಬ್ರೂಕ್‌ಸೈಡ್‌ನಲ್ಲಿ. ಬೆತ್ ಆಗಿದ್ದ ಅನ್ನಾ ಫ್ರಿಯಲ್ ಹೆಸರು ಮಾಡಿದ್ದು ಅಲ್ಲೇ. ವಾರವಾರ ಗಡುವು, ಕಡಿಮೆ ದುಡ್ಡು, ಬರೆದದ್ದು ಕೆಲವೇ ತಿಂಗಳಲ್ಲಿ ಪರದೆಗೆ. ಲಂಡನ್ನಿಗೆ ಹೋಗದೆ ತನ್ನ ಊರಿನಲ್ಲೇ, ತನ್ನ ಊರಿನ ಮಾತಿನಲ್ಲೇ ಇದನ್ನು ಕಲಿಯಬಹುದಿತ್ತು.

ಇದೇ ಮಾತು 2023ರ ಅಕ್ಟೋಬರ್‌ನಲ್ಲಿ ಮತ್ತೆ ಎದ್ದಿತು. ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಓಕ್‌ನಲ್ಲಿ ಮಾಡುತ್ತಿದ್ದ 'ಡಾಕ್ಟರ್ಸ್' ಎಂಬ ಮಧ್ಯಾಹ್ನದ ಸೋಪ್ ನಿಲ್ಲಿಸುತ್ತೇವೆ ಎಂದು ಬಿಬಿಸಿ ಹೇಳಿತು. ಇದು ಬಿಬಿಸಿಯದ್ದೇ ಮನೆಕೂಸು, ಆದರೂ ಉಳಿಯಲಿಲ್ಲ. ಬಿಬಿಸಿಗೆ ಆದಾಯ ತರುವ, ಜನ ಕಟ್ಟುವ ಟಿವಿ ಲೈಸೆನ್ಸ್ ಶುಲ್ಕವನ್ನು ಸರ್ಕಾರ ಎರಡು ವರ್ಷ 159 ಪೌಂಡ್‌ನಲ್ಲೇ ನಿಲ್ಲಿಸಿತ್ತು, ಬೆಲೆಗಳು ಮಾತ್ರ ಏರುತ್ತಿದ್ದವು. ಚಿತ್ರೀಕರಣದ ಜಾಗವನ್ನು ದುರಸ್ತಿ ಮಾಡಬೇಕು, ಇಲ್ಲವೇ ಬೇರೆ ಕಡೆ ಹೋಗಬೇಕು, ಎರಡಕ್ಕೂ ದುಡ್ಡಿಲ್ಲ ಎಂಬುದು ಕೊಟ್ಟ ಕಾರಣ. 2024ರ ನವೆಂಬರ್ 14ಕ್ಕೆ ಕೊನೆಯ ಎಪಿಸೋಡ್ ಬಂತು. ಫೀಬಿ ವಾಲರ್ ಬ್ರಿಡ್ಜ್, ಎಡ್ಡಿ ರೆಡ್‌ಮೇನ್, ಎಮಿಲಿಯಾ ಕ್ಲಾರ್ಕ್ ಎಲ್ಲರೂ ಹೆಸರು ಬರುವ ಮೊದಲು ಅದರಲ್ಲಿ ಸಣ್ಣ ಪಾತ್ರ ಮಾಡಿದವರು. ಹೊಸ ಬರಹಗಾರರು ಟಿವಿಯೊಳಗೆ ಕಾಲಿಡಲು ಇದ್ದ ಬಾಗಿಲುಗಳಲ್ಲಿ ಅದೊಂದು.

ಅದೇ 2024ರಲ್ಲಿ ಹಾಲಿಯೋಕ್ಸ್ ವಾರಕ್ಕೆ ಐದರಿಂದ ಮೂರು ಎಪಿಸೋಡ್‌ಗೆ ಇಳಿಯಿತು. 2026ರ ಜನವರಿಯಿಂದ ಐಟಿವಿ ಕೊರೊನೇಷನ್ ಸ್ಟ್ರೀಟ್ ಮತ್ತು ಎಮರ್‌ಡೇಲ್ ಎರಡೂ ಸೇರಿ ವಾರಕ್ಕೆ ಆರು ಗಂಟೆ ಇದ್ದದ್ದನ್ನು ಐದು ಗಂಟೆಗೆ ಇಳಿಸಿತು. ಒಂದು ಗಂಟೆ ಎಂದರೆ ವಾರಕ್ಕೆ ಎರಡು ಸ್ಕ್ರಿಪ್ಟ್, ವರ್ಷಕ್ಕೆ ನೂರಕ್ಕೂ ಹೆಚ್ಚು. ಅಷ್ಟು ಸ್ಕ್ರಿಪ್ಟ್‌ಗಳನ್ನು ಬರೆಯುತ್ತಿದ್ದವರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ಯಾವ ಚಾನೆಲ್ ಹತ್ತಿರವೂ ಈಗ ಉತ್ತರ ಕಾಣುವುದಿಲ್ಲ.